ಹೊಟ್ಟೆ ಹುಣ್ಣಿನ ಫಾರ್ವರ್ಡ್ ಬಗ್ಗೆ

ಎಲ್ಲರಿಗೂ ನಮಸ್ಕಾರ. ನಿನ್ನೆಯಿಂದ ಗುಂಪಿನಲ್ಲಿ ‘ಖಾರ ಬಿಟ್ಟರೆ ಅಲ್ಸರ್ ಮಾಯ’ ಅನ್ನೋ ಸಂದೇಶ ಸುತ್ತುತ್ತಿದೆ. ದಯವಿಟ್ಟು ಮುಂದೆ ಕಳಿಸಬೇಡಿ. ಖಾರ ತಿಂದರೆ ಉರಿ ಹೆಚ್ಚಬಹುದು, ನಿಜ. ಆದರೆ ಹುಣ್ಣಿಗೆ ಮುಖ್ಯ ಕಾರಣ ಎರಡು: ಹೆಲಿಕೋಬ್ಯಾಕ್ಟರ್ ಪೈಲೋರಿ ಎಂಬ ಬ್ಯಾಕ್ಟೀರಿಯಾ, ಮತ್ತೆ ಐಬುಪ್ರೊಫೇನ್, ಆಸ್ಪಿರಿನ್‌ನಂಥ ಮಾತ್ರೆಗಳು. (ಮಂಡಿನೋವಿಗೆ ದಿನಾ ಮಾತ್ರೆ ನುಂಗೋರು ಗಮನಿಸಿ.)

ಹೊಟ್ಟೆಯ ಆಮ್ಲದಲ್ಲಿ ಯಾವ ಕ್ರಿಮಿಯೂ ಬದುಕಲ್ಲ ಅಂತ ವೈದ್ಯರೇ ನಂಬಿದ್ದ ಕಾಲವಿತ್ತು. ಆಸ್ಟ್ರೇಲಿಯಾದ ಪರ್ತ್‌ನಲ್ಲಿ ವೈದ್ಯರಾದ ರಾಬಿನ್ ವಾರನ್ ಮತ್ತು ಬ್ಯಾರಿ ಮಾರ್ಷಲ್ 1982ರಲ್ಲಿ ಈ ಪೈಲೋರಿ ಬ್ಯಾಕ್ಟೀರಿಯಾವನ್ನು ಪ್ರಯೋಗಾಲಯದಲ್ಲಿ ಬೆಳೆಸಿದರು. ಅದೂ ಈಸ್ಟರ್ ರಜೆಯಿಂದಾಗಿ ಬ್ಯಾಕ್ಟೀರಿಯಾ ಬೆಳೆಸೋ ತಟ್ಟೆಗಳು ನಾಲ್ಕಾರು ದಿನ ಹಾಗೇ ಉಳಿದಿದ್ದಕ್ಕೆ! ಹುಣ್ಣಿಗೆ ಇದೇ ಕಾರಣ ಅಂದರೆ ಹೆಚ್ಚಿನವರು ಒಪ್ಪಲಿಲ್ಲ. 1984ರಲ್ಲಿ ಮಾರ್ಷಲ್ ಆ ಕ್ರಿಮಿಗಳನ್ನು ತಾವೇ ಕುಡಿದುಬಿಟ್ಟರು. ಕೆಲವೇ ದಿನದಲ್ಲಿ ವಾಂತಿ ಶುರು. ಎಂಡೋಸ್ಕೋಪಿಯಲ್ಲಿ (ಕ್ಯಾಮೆರಾ ಇರೋ ಕೊಳವೆ ಇಳಿಸಿ ಹೊಟ್ಟೆಯೊಳಗೆ ನೋಡೋ ಪರೀಕ್ಷೆ) ಜಠರದ ಉರಿಯೂತ ಕಂಡಿತು. ಹುಚ್ಚುತನವೇ ಸರಿ, ಆದರೆ 2005ರಲ್ಲಿ ಇಬ್ಬರಿಗೂ ನೊಬೆಲ್ ಬಂತು.

ಈ ಕ್ರಿಮಿ ಯೂರಿಯಾ ಒಡೆದು ಅಮೋನಿಯಾ ಮಾಡಿಕೊಂಡು ಆಮ್ಲದಿಂದ ಪಾರಾಗುತ್ತೆ. ಕ್ರಿಮಿ ಇದೆಯಾ ಅಂತ ನೋಡೋ ಉಸಿರಿನ ಪರೀಕ್ಷೆ ಹಿಡಿಯೋದು ಈ ಗುಟ್ಟನ್ನೇ. ಮಲ ಪರೀಕ್ಷೆಯೂ ಇದೆ. ಗ್ಯಾಸ್ ಮಾತ್ರೆ ತಗೊಳ್ತಿದ್ದರೆ ಮೊದಲೇ ಡಾಕ್ಟರಿಗೆ ಹೇಳಿ, ಫಲಿತಾಂಶ ತಪ್ಪಾಗಿ ನೆಗೆಟಿವ್ ಬರಬಹುದು.

ಚಿಕಿತ್ಸೆ ಸಾಮಾನ್ಯವಾಗಿ 14 ದಿನ: ಆಂಟಿಬಯೋಟಿಕ್‌ಗಳು, ಜೊತೆಗೆ ಆಮ್ಲ ತಗ್ಗಿಸೋ ಮಾತ್ರೆ. ಉರಿ ನಿಂತಿತು ಅಂತ ನಡುವೆ ಬಿಡಬೇಡಿ. ಮುಗಿದು ಕನಿಷ್ಠ 4 ವಾರದ ಮೇಲೆ ಮರುಪರೀಕ್ಷೆ ಮಾಡಿಸಿ.

ಮಲ ಡಾಂಬರಿನ ಹಾಗೆ ಕಪ್ಪಗಿದ್ದರೆ, ವಾಂತಿಯಲ್ಲಿ ರಕ್ತ ಕಂಡರೆ ಗುಂಪಲ್ಲಿ ಕೇಳ್ತಾ ಕೂರಬೇಡಿ, ನೇರ ಆಸ್ಪತ್ರೆಗೆ ಹೋಗಿ.