ಮಿಷನ್ ಸೇವೆಗೆ ಹೊರದೇಶಕ್ಕೆ ಹೋಗುವವರ ಗಮನಕ್ಕೆ

ಎಲ್ಲರಿಗೂ ಯೇಸುವಿನ ನಾಮದಲ್ಲಿ ವಂದನೆಗಳು.

ಹೊರದೇಶದ ಸೇವೆಗೆ ಹೆಸರು ಕೊಟ್ಟವರು ಈ ರವಿವಾರ ಆರಾಧನೆ ಮುಗಿದ ಕೂಡಲೇ ಬೀದರ್ ಚರ್ಚಿನ ಸಂಡೇ ಸ್ಕೂಲ್ ಕೋಣೆಗೆ ಬನ್ನಿ. ಭಾಲ್ಕಿ, ಹುಮನಾಬಾದ್ ಕಡೆಯವರಿಗೆ ಊಟ ಇಲ್ಲೇ. ಅಪ್ಪ ಅಮ್ಮನೂ ಬಂದರೆ ಒಳ್ಳೇದು.

ಆಧಾರ್, ಹತ್ತನೇ ಕ್ಲಾಸಿನ ಮಾರ್ಕ್ಸ್ ಕಾರ್ಡ್ ತನ್ನಿ. ಹೆಸರು, ಹುಟ್ಟಿದ ತಾರೀಖು ಎರಡರಲ್ಲೂ ಒಂದೇ ಇದೆಯಾ ಈಗಲೇ ನೋಡಿ. ಚರ್ಚಿನಲ್ಲಿ ಸ್ಯಾಮುವೇಲ್, ಶಾಲೆಯಲ್ಲಿ ಶಾಮರಾವ್ ಆದವರು ನಮ್ಮಲ್ಲಿ ಜಾಸ್ತಿ ಅಲ್ವಾ? ಪಾಸ್‌ಪೋರ್ಟ್ ತಡವಾಗುವುದು ಇದಕ್ಕೇ. ಪಾಸ್‌ಪೋರ್ಟ್ ಇದ್ದವರು ಅವಧಿ ನೋಡಿಕೊಳ್ಳಿ. ಬಹಳ ದೇಶಗಳು ಕನಿಷ್ಠ 6 ತಿಂಗಳು ಉಳಿದಿರಬೇಕು ಅನ್ನುತ್ತವೆ. ಉಗಾಂಡಾ, ಘಾನಾದಂಥ ಕಡೆಗೆ ಹಳದಿ ಜ್ವರದ ಲಸಿಕೆ ಕಡ್ಡಾಯ, ಅದೂ ಹೊರಡುವ 10 ದಿನ ಮೊದಲೇ.

ಇದು ನೌಕರಿ ಅಲ್ಲ, ಸೇವೆ. ಎಷ್ಟೋ ಕಡೆ ಖರ್ಚು ನಾವೇ ಹೊಂದಿಸಬೇಕು. ‘ಟೂರಿಸ್ಟ್ ವೀಸಾದಲ್ಲಿ ಕಳಿಸ್ತೀವಿ, ಅಲ್ಲೇ ಕೆಲಸ ಸಿಗುತ್ತೆ’ ಅನ್ನುವ ಏಜೆಂಟರಿಗೆ ದಯವಿಟ್ಟು ಒಂದು ರೂಪಾಯಿನೂ ಕೊಡಬೇಡಿ. ಮೊದಲು ಪಾಸ್ಟರ್ ಅವರನ್ನು ಕೇಳಿ.

ಬರುವವರು ಶುಕ್ರವಾರದೊಳಗೆ ಹೆಸರು, ಓದು, ಪಾಸ್‌ಪೋರ್ಟ್ ಇದೆಯೋ ಇಲ್ಲವೋ ಈ ಗುಂಪಿನಲ್ಲೇ ಬರೆಯಿರಿ. ಆಧಾರ್ ಫೋಟೊ ಮಾತ್ರ ಗುಂಪಿನಲ್ಲಿ ಹಾಕಬೇಡಿ.