ಪ್ರಯೋಗ ಇಲಿಯ ಮೇಲೋ, ಮನುಷ್ಯರ ಮೇಲೋ? ಮೊದಲ ಸಾಲಿನಲ್ಲೇ ಹೇಳಿ

ಮಾನ್ಯ ಸಂಪಾದಕರೇ,

ಹೋದ ತಿಂಗಳು ಮಾನ್ವಿ ಕಡೆಯ ರೈತರೊಬ್ಬರು ನನ್ನ ಔಷಧ ಅಂಗಡಿಗೆ ಬಂದು, ಅಂಗಿಯ ಜೇಬಿನಿಂದ ನಾಲ್ಕಾಗಿ ಮಡಿಚಿದ ಪತ್ರಿಕೆಯ ತುಣುಕೊಂದನ್ನು ತೆಗೆದು ಗಾಜಿನ ಮೇಲೆ ಬಿಡಿಸಿಟ್ಟರು. ಕ್ಯಾನ್ಸರ್ ಗಡ್ಡೆಗೆ ನೇರವಾಗಿ ನಾಟುವ ನ್ಯಾನೊ ಔಷಧದ, ಅಂದರೆ ಕಣ್ಣಿಗೆ ಕಾಣದಷ್ಟು ಸಣ್ಣ ಕಣಗಳಲ್ಲಿ ತುಂಬಿದ ಔಷಧದ, ಸುದ್ದಿ. ‘ಸಾಹೇಬರೇ, ಎಷ್ಟಾದರೂ ಆಗಲಿ, ಇದನ್ನು ತರಿಸಿಕೊಡಿ’ ಎಂದರು. ಅವರ ಹೆಂಡತಿಗೆ ಸ್ತನ ಕ್ಯಾನ್ಸರ್. 21 ದಿನಕ್ಕೊಮ್ಮೆ ಕೊಡುವ ಕೆಂಪು ಕೀಮೋ ಇಂಜೆಕ್ಷನ್ ಎರಡು ಸಲ ಆಗಿತ್ತು. ಕೂದಲು ಉದುರಿ, ಬಾಯಿ ಹುಣ್ಣಾಗಿ, ಗಂಜಿಯೂ ಗಂಟಲಲ್ಲಿ ಇಳಿಯುತ್ತಿರಲಿಲ್ಲ. ಈ ಸುದ್ದಿ ಕಂಡ ಮೇಲೆ ಮೂರನೆಯದಕ್ಕೆ ಹೋಗಿರಲಿಲ್ಲ. ತುಣುಕಿನ ಕೊನೆಯಲ್ಲಿ, ಮಡಿಕೆ ಸವೆದು ಅಕ್ಷರ ಮಾಸಿದ ಕಡೆ, ಪ್ರಯೋಗ ನಡೆದದ್ದು ಇಲಿಗಳ ಮೇಲೆ ಎಂದಿತ್ತು. ಆ ಸಾಲನ್ನು ಅವರಿಗೆ ಓದಿ ಹೇಳುವಾಗ ಆದ ಸಂಕಟ ಇನ್ನೂ ಹೋಗಿಲ್ಲ.

ಸಂಶೋಧನೆ ಸುಳ್ಳಲ್ಲ. ಕೀಮೋ ಔಷಧ ಮೈಯೆಲ್ಲ ಹರಿದು, ಬೇಗ ಬೇಗ ಬೆಳೆಯುವ ಜೀವಕೋಶಗಳನ್ನೆಲ್ಲ ಹೊಡೆಯುತ್ತದೆ. ಕೂದಲ ಬುಡವೂ ಬಾಯಿಯ ಒಳಪದರವೂ ಅದಕ್ಕೆ ಸಿಕ್ಕುತ್ತವೆ. ಗಡ್ಡೆ ಅವಸರದಲ್ಲಿ ಬೆಳೆಸಿಕೊಂಡ ರಕ್ತನಾಳಗಳ ಗೋಡೆಯಲ್ಲಿ ಸಂದುಗಳಿರುತ್ತವೆ, ಅವುಗಳ ಮೂಲಕ ಸೂಕ್ಷ್ಮ ಕಣಗಳು ಒಳಸೇರಿ ಅಲ್ಲೇ ನಿಲ್ಲುತ್ತವೆ ಎಂದು ಜಪಾನಿನ ವಿಜ್ಞಾನಿಗಳು 1986ರಲ್ಲಿ ತೋರಿಸಿದರು. ಅದೇ ಕೆಂಪು ಔಷಧವನ್ನು ಸುಮಾರು 100 ನ್ಯಾನೊಮೀಟರ್ ಗಾತ್ರದ ಕೊಬ್ಬಿನ ಗುಳ್ಳೆಯಲ್ಲಿ ತುಂಬಿದ ಇಂಜೆಕ್ಷನ್‌ಗೆ ಅಮೆರಿಕ 1995ರಲ್ಲೇ ಅನುಮತಿ ಕೊಟ್ಟಿತು. ನಮ್ಮ ದೇಶದಲ್ಲೂ ತಯಾರಾಗುತ್ತದೆ. ಹೃದಯಕ್ಕೆ ಆಗುವ ಹಾನಿ ಇದರಲ್ಲಿ ಕಡಿಮೆ. ಆದರೆ ಅಂಗೈ, ಅಂಗಾಲಿನ ಚರ್ಮ ಕೆಂಪಾಗಿ ಸುಲಿಯುವ ತೊಂದರೆ ಹೆಚ್ಚು, ಬೆಲೆಯೂ ಹಲವು ಪಟ್ಟು. ಯಾರಿಗೆ ಯಾವುದು ಹೊಂದುತ್ತದೆ ಎಂದು ಹೇಳಬೇಕಾದವರು ಕ್ಯಾನ್ಸರ್ ವೈದ್ಯರೇ ಹೊರತು ಅಂಗಡಿಯವನಾದ ನಾನಲ್ಲ, ಪತ್ರಿಕೆಯೂ ಅಲ್ಲ.

ಆ ತುಣುಕಿನಲ್ಲಿದ್ದದ್ದು ಇದಕ್ಕಿಂತ ಮುಂದಿನ ಹೆಜ್ಜೆ. ಗಡ್ಡೆಯ ಜೀವಕೋಶದ ಗುರುತು ಹಿಡಿದು ಅಂಟಿಕೊಳ್ಳುವ ಅಣುವನ್ನು ಕಣದ ಮೈಗೆ ಹಚ್ಚಿ ಕಳುಹಿಸುವ ಬಗೆ. ಇಂಥ ಕಣಗಳಲ್ಲಿ ಹೆಚ್ಚಿನವು ಇನ್ನೂ ಪ್ರಯೋಗದ ಹಂತದಲ್ಲೇ ಇವೆ.

ಏಕೆ ಎಂಬುದನ್ನು ನಮ್ಮ ಜಿಲ್ಲೆಯ ರೈತರಿಗೆ ತಿಳಿಸುವುದು ಕಷ್ಟವಲ್ಲ. ತುಂಗಭದ್ರಾ ಎಡದಂಡೆ ನಾಲೆಗೆ ನೀರು ಬಿಟ್ಟರು ಎಂಬುದು ಒಂದು ಮಾತು, 104ನೇ ಮೈಲಿನಲ್ಲಿ ಗೇಜ್ (ನೀರಿನ ಮಟ್ಟ) ಎಷ್ಟು ನಿಂತಿದೆ ಎಂಬುದು ಇನ್ನೊಂದು. ಮಾನ್ವಿ, ಸಿರವಾರದ ಕೆಳಭಾಗದ ಹೊಲಗಳಿಗೆ ಅದು ಮುಟ್ಟುವಷ್ಟರಲ್ಲಿ ಮೇಲಿನವರ ಗದ್ದೆ ತುಂಬಿರುತ್ತದೆ. ರಕ್ತಕ್ಕೆ ಬಿಟ್ಟ ನ್ಯಾನೊ ಕಣಗಳನ್ನೂ ಯಕೃತ್ತು (ಲಿವರ್) ಮತ್ತು ಗುಲ್ಮ (ಸ್ಪ್ಲೀನ್) ದಾರಿಯಲ್ಲೇ ಹೀರಿಕೊಳ್ಳುತ್ತವೆ. ಹತ್ತು ವರ್ಷಗಳ ಅಧ್ಯಯನಗಳನ್ನು ಟೊರಾಂಟೊ ವಿಶ್ವವಿದ್ಯಾಲಯದ ತಂಡ 2016ರಲ್ಲಿ ಒಟ್ಟುಗೂಡಿಸಿ ನೋಡಿದಾಗ, ಗಡ್ಡೆಯನ್ನು ಮುಟ್ಟಿದ ಪಾಲಿನ ಮಧ್ಯಾಂಕ (ಫಲಿತಾಂಶಗಳನ್ನು ಏರಿಕೆಯಲ್ಲಿ ಜೋಡಿಸಿದಾಗ ನಟ್ಟನಡುವೆ ಬರುವ ಅಂಕಿ) ಶೇ 0.7 ಮಾತ್ರ. ಅದೂ ಹೆಚ್ಚಾಗಿ ಇಲಿಗಳಲ್ಲಿ. ಇಷ್ಟನ್ನು ನಾಲೆಯ ಲೆಕ್ಕದಲ್ಲಿ ಹೇಳಿದ ಕೂಡಲೇ ಆ ರೈತರಿಗೆ ಅರ್ಥವಾಯಿತು. ‘ಹಾಗಾದರೆ ಇದು ಇನ್ನೂ ನಮ್ಮ ಹೊಲಕ್ಕೆ ಬಂದಿಲ್ಲ’ ಎಂದರು.

ಅಲ್ಲಿಂದಲೇ ಆಸ್ಪತ್ರೆಗೆ ಫೋನ್ ಮಾಡಿಸಿದೆ. ಬಾಯಿ ಹುಣ್ಣಿಗೆ, ವಾಂತಿಗೆ ವೈದ್ಯರು ಬೇರೆ ಔಷಧ ಬರೆದುಕೊಟ್ಟರು. ಈ ಸಂಕಟಕ್ಕೂ ಮದ್ದು ಕೇಳಬಹುದು ಎಂಬುದೇ ಗಂಡ ಹೆಂಡತಿಗೆ ಗೊತ್ತಿರಲಿಲ್ಲ. ಮೂರನೆಯ ಕೀಮೋ 12 ದಿನ ತಡವಾಗಿ ಆಯಿತು.

ವೈದ್ಯಕೀಯ ಸಂಶೋಧನೆಯ ಸುದ್ದಿ ಪ್ರಕಟಿಸುವಾಗ ಪ್ರಯೋಗ ಯಾರ ಮೇಲೆ ನಡೆದಿದೆ, ಔಷಧ ರೋಗಿಗೆ ಸಿಗುವ ಸ್ಥಿತಿಯಲ್ಲಿದೆಯೇ ಎಂಬುದನ್ನು ದಯವಿಟ್ಟು ಮೊದಲ ಸಾಲಿನಲ್ಲೇ ಹಾಕಿ. ಈಗ ನಡೆಯುತ್ತಿರುವ ಚಿಕಿತ್ಸೆಯನ್ನು ವೈದ್ಯರನ್ನು ಕೇಳದೆ ನಿಲ್ಲಿಸಬೇಡಿ ಎಂಬ ಒಂದು ಸಾಲನ್ನೂ ಜೊತೆಗೆ ಸೇರಿಸಿ. ತಲೆಬರಹದಷ್ಟೇ ದಪ್ಪ ಅಕ್ಷರದಲ್ಲಿ.

ಔಷಧ ವ್ಯಾಪಾರಿ, ರಾಯಚೂರು