ಹಾಡಿಯ ಕಕ್ಷಿದಾರರ ಮಾತು ಕೇಳಿಸಿಕೊಳ್ಳಿ

ಮಾನ್ಯರೇ,

ಪರಿಶಿಷ್ಟ ಪಂಗಡದವರಿಗೆ ಆದಾಯ ಎಷ್ಟೇ ಇರಲಿ, ಉಚಿತವಾಗಿ ವಕೀಲರ ನೆರವು ಕೊಡಬೇಕೆಂದು 1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯ್ದೆ ಹೇಳುತ್ತದೆ. ವಕೀಲರೇನೋ ಸಿಗುತ್ತಾರೆ. ಆದರೆ ನಾಗರಹೊಳೆ ಸುತ್ತಲಿನ ಹಾಡಿಗಳ (ಆದಿವಾಸಿ ನೆಲೆಗಳ) ಜೇನುಕುರುಬರನ್ನು, ಯರವರನ್ನು ಕೋರ್ಟಿನ ಜಗಲಿಯಲ್ಲಿ ನಿಂತ ನಿಲುವಿನಲ್ಲೇ ವಿಚಾರಿಸಿದರೆ ಅರಣ್ಯ ಹಕ್ಕಿನ ಕೇಸಿನ ತಲೆಬುಡ ತಿಳಿಯುವುದಿಲ್ಲ. ಆ ಹಕ್ಕು ಸಿಗಬೇಕಾದರೆ 2005ರ ಡಿಸೆಂಬರ್ 13ಕ್ಕೂ ಮೊದಲೇ ಆ ಕಾಡಿನ ನೆಲದಲ್ಲಿ ಇದ್ದಿರಬೇಕು. ‘2005ಕ್ಕೂ ಮೊದಲೇ ಇಲ್ಲಿದ್ರಿ, ಅಲ್ವಾ?’ ಎಂದರೆ ‘ಹೂಂ ಸ್ವಾಮಿ’. ‘ಆಮೇಲೆ ಬಂದಿದ್ದಲ್ವಾ?’ ಎಂದರೂ ‘ಹೂಂ ಸ್ವಾಮಿ’. ಅದು ಕರಿ ಕೋಟಿನವರ ಎದುರಿನ ಅಂಜಿಕೆ, ಒಪ್ಪಿಗೆಯಲ್ಲ. ಆಸ್ಟ್ರೇಲಿಯಾದ ನಾರ್ದರ್ನ್ ಟೆರಿಟರಿ ಸುಪ್ರೀಂ ಕೋರ್ಟ್ 1976ರ ಅನುಂಗಾ ಪ್ರಕರಣದಲ್ಲೇ ಇದನ್ನು ಗುರುತಿಸಿತ್ತು. ಮೂಲನಿವಾಸಿಗಳನ್ನು ಪೊಲೀಸರು ವಿಚಾರಿಸುವಾಗ ಅಗತ್ಯವಿದ್ದರೆ ದುಭಾಷಿ ಇರಬೇಕು, ಉತ್ತರವನ್ನು ಬಾಯಿಗೆ ತುರುಕುವಂಥ ಪ್ರಶ್ನೆ ಕೇಳಬಾರದು ಎಂದಿತು.

ಇಸವಿ ಬಿಟ್ಟು ಬದುಕಿನ ಬಗ್ಗೆ ಕೇಳಿ ನೋಡಿ: ದೊಡ್ಡ ಮಗಳು ಹುಟ್ಟಿದಾಗ ಗುಡಿಸಲು ಎಲ್ಲಿತ್ತು? ಅಜ್ಜನನ್ನು ಎಲ್ಲಿ ಮಣ್ಣು ಮಾಡಿದಿರಿ? ಹಿರಿಯರ ಹೇಳಿಕೆ, ಸಮಾಧಿ, ದೇವರ ನೆಲೆ ಇವೆಲ್ಲವನ್ನೂ ಅರಣ್ಯ ಹಕ್ಕು ನಿಯಮಗಳು ಸಾಕ್ಷ್ಯವೆಂದು ಒಪ್ಪುತ್ತವೆ. ಅದಕ್ಕೆ ವಕೀಲರು ಹಾಡಿಗೇ ಹೋಗಬೇಕು, ಕೂರಬೇಕು. ಕಕ್ಷಿದಾರರು ಸುಮ್ಮನಾದರೆ ತಾವೂ ಸುಮ್ಮನಿರಬೇಕು (ನಮ್ಮ ವೃತ್ತಿಯವರಿಗೆ ಇದೇ ಕಷ್ಟ). ತಾಲ್ಲೂಕು ಕಾನೂನು ಸೇವಾ ಸಮಿತಿಗಳು ಓದಿದ ಹಾಡಿಯ ಹುಡುಗ ಹುಡುಗಿಯರನ್ನೇ ಸ್ವಯಂಸೇವಕರನ್ನಾಗಿ ನೇಮಿಸಿ, ಇಂಥ ಭೇಟಿಗಳಿಗೆ ಜೊತೆಯಲ್ಲಿ ಕಳಿಸಲಿ. ಗೌರವಧನವನ್ನೂ ತಡಮಾಡದೆ ಕೊಡಲಿ.

– ಒಬ್ಬ ವಕೀಲ, ಹುಣಸೂರು